ಹೆಸರಿನ ಜಾಗಕ್ಕೆ ಹವಾಲ್ದಾರ್ರು

ಈ ಸಲ ಮೂಡಲಗಿಯಲ್ಲಿ ನಾದಿನಿಯ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಎತ್ತುವ ಕಾರ್ಯ. ನಮ್ಮ ಕಡೆ ಆರತಿ ತಟ್ಟೆ ಹಿಡಿದವಳನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ. ಗಂಡನ ಹೆಸರು ಹೇಳಬೇಕು. ಅದೂ ಬರಿದೇ ಹೇಳುವಂತಿಲ್ಲ, ಪ್ರಾಸ ಕೂಡಿಸಿದ ಎರಡು ಸಾಲಿನ ಒಡಪಿನಲ್ಲಿ ಸೇರಿಸಿ ಹೇಳಬೇಕು. ಉಳಿದ ದಿನ ಹೆಂಡತಿಯಾದವಳು ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವವರೇ, ಒಡಪಿನಲ್ಲಿ ಹೇಳಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಯಮನಿಗೆ ಪ್ರಾಸವೆಂದರೆ ಪ್ರೀತಿಯೋ ಏನೋ, ಯಾರಿಗೆ ಗೊತ್ತು.

ತಟ್ಟೆ ಒಬ್ಬರಿಂದ ಒಬ್ಬರಿಗೆ ಬಂತು. ನನ್ನ ಬಲಕ್ಕೆ ಕೂತವಳು ಹೆಸರು ಹೇಳಿದಳು, ಎಲ್ಲರೂ ನಕ್ಕರು. ತಟ್ಟೆ ನನ್ನ ಮೊಣಕಾಲ ಮುಂದಿನಿಂದ ಹಾದು ಎಡಕ್ಕೆ ಕೂತವಳ ಕೈಗೆ ಹೋಯಿತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನಾದಿನಿ ಓಡಿ ಬಂದು ಕಪ್ಪು ಕೈಗಿಟ್ಟು, "ವೈನಿ, ಚಹಾ ಆರತೈತಿ, ಕುಡೀರಿ" ಎಂದಳು. ಗೋಡೆಯ ಮೇಲೆ ಶರಣರ ಫೋಟೋ ಇತ್ತು. ಗಂಡ ಸತ್ತವಳು, ಗಂಡ ಇದ್ದವಳು ಎಂಬ ಭೇದ ಬೇಡವೆನ್ನುವ ಧರ್ಮ ನಮ್ಮದು. ಫೋಟೋಕ್ಕೆ ಹೊಸ ಹಾರ ಹಾಕಿದ್ದರು.

ನನ್ನನ್ನು ಕೇಳುವುದಿಲ್ಲವೆಂದು ಗೊತ್ತಿತ್ತು. ಆದರೂ ಗೋಕಾಕದಿಂದ ಬರುವಾಗ ಬಸ್ಸಿನಲ್ಲಿ ಕೂತು ಒಂದು ಒಡಪು ಕಟ್ಟಿಕೊಂಡಿದ್ದೆ. ಜೀವಮಾನದಲ್ಲಿ ಮೊದಲ ಸಲ ಅದರಲ್ಲಿ ತೀರಿಕೊಂಡ ನನ್ನ ಗಂಡನ ನಿಜವಾದ ಹೆಸರು ಸೇರಿಸಿದ್ದೆ. ಅದನ್ನು ಚಹಾದ ಜೊತೆಗೇ ನುಂಗಿಕೊಂಡೆ.

ನನ್ನ ತವರು ಹುಕ್ಕೇರಿ ತಾಲೂಕಿನಲ್ಲಿ, ನಿಡಸೋಸಿಯ ಹತ್ತಿರ. ಅವರದು ಅಂಕಲಗಿ. ಮದುವೆಯಾದಾಗ ಅವರು ಮಿಲಿಟರಿಯಲ್ಲಿ ಸಿಪಾಯಿ. ರಜೆಯ ಮೇಲೆ ಬಂದು, ಅಕ್ಷತೆ ಹಾಕಿಸಿಕೊಂಡು, ಅರಿಶಿನ ಆರುವ ಮೊದಲೇ ರೈಲು ಹತ್ತಿದವರು. ನನ್ನನ್ನು ಗಂಡನ ಮನೆಗೆ ಕಳಿಸುವ ದಿನ ನನ್ನ ಅವ್ವ ಒಳಗೆ ಕರೆದು ಹೇಳಿದ್ದಳು: "ಹೊಸ್ತಿಲದಾಗ ಹೆಸರ ಕೇಳ್ತಾರ, ಜ್ವಾಕಿ. ಉಳದವ್ರ ಗಂಡಂದಿರು ಹೊಲದಾಗ ಇರ್ತಾರ, ಅಂವ ಗುಂಡಿನ ಮುಂದ ಇರಾಂವ. ಒಡಪಿನ್ಯಾಗೂ ಹೆಸರ ತಗೀಬ್ಯಾಡ."

ಅವ್ವ ಹೇಳಿದ ಹಲವು ಮಾತುಗಳನ್ನು ನಾನು ಗಾಳಿಗೆ ತೂರಿದವಳು. ಇದೊಂದು ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಹೊಸ್ತಿಲಲ್ಲಿ ಅಡ್ಡಗಟ್ಟಿ ನಿಂತ ಹೆಂಗಸರ ಮುಂದೆ ಹೆಸರಿನ ಜಾಗಕ್ಕೆ 'ಸಿಪಾಯಿ' ಇಟ್ಟು ಒಡಪು ಹೇಳಿದೆ. ಅವರಿಗೆ ನಗು. ನನ್ನ ಅತ್ತೆ ಮಾತ್ರ, "ಇರ್ಲಿ ಬಿಡ್ರಿ, ಶ್ಯಾಣ್ಯಾಕಿ ಅದಾಳ" ಎಂದು ಒಳಗೆ ಬಿಟ್ಟುಕೊಂಡಳು.

ಮಗಳು ಸಾಲೆಗೆ ಹೋಗತೊಡಗಿದ ವರ್ಷ ಅವರು ಹವಾಲ್ದಾರರಾದರು. ತೋಳಿನ ಮೇಲೆ ಮೂರು ಪಟ್ಟಿ ಹಚ್ಚಿಕೊಂಡು ರಜೆಗೆ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಕರಿ ಟ್ರಂಕಿನ ಮೇಲಿನ ಹಳೆಯ ಬಿಳಿ ಅಕ್ಷರ ಕೆರೆದು, ಹೊಸದಾಗಿ ಬರೆಸಿದ್ದು. ಮೊದಲು ಹುದ್ದೆ, ಆಮೇಲೆ ಹೆಸರು. ನಾನು ದಿನಾ ಆ ಟ್ರಂಕು ಒರೆಸುತ್ತಿದ್ದೆ. ಮೊದಲ ಶಬ್ದವನ್ನು ಬಾಯಿ ತುಂಬ ಓದುತ್ತಿದ್ದೆ, ಎರಡನೆಯದರ ಮೇಲೆ ಬಟ್ಟೆ ಆಡಿಸಿ ಸುಮ್ಮನಾಗುತ್ತಿದ್ದೆ.

ಅಂದಿನಿಂದ ಮನೆಯಲ್ಲಿ ಆ ಶಬ್ದವಿಲ್ಲದ ವಾಕ್ಯವೇ ಇರಲಿಲ್ಲ. ಹವಾಲ್ದಾರ್ರು ಜಳಕ ಮಾಡಾಕತ್ತಾರ. ಹವಾಲ್ದಾರ್ರಿಗೆ ಮೆಂತ್ಯಪಲ್ಲೆ ಸೇರೂದಿಲ್ಲ. ಹವಾಲ್ದಾರ್ರದು ಪತ್ರ ಬಂದೈತಿ, ಆರಾಮ ಅದಾರಂತ. ಜಗಳ ಬಂದಾಗಲೂ ಅದೇ: "ಹವಾಲ್ದಾರ್ರು ತಮ್ಮ ಹುಕುಂ ಪಲಟನ್ಯಾಗ ಬಿಟ್ಟು ಬಂದ್ರ ಛಲೋ ಆಗ್ತಿತ್ತು." ಅವರು ಅಲ್ಲೇ ಮೀಸೆ ಕತ್ತರಿಸಿಕೊಳ್ಳುತ್ತಾ ಕನ್ನಡಿಯಲ್ಲೇ ನಗುತ್ತಿದ್ದರು. ಸಿಟ್ಟು, ಪ್ರೀತಿ, ಹುಸಿಮುನಿಸು ಎಲ್ಲವನ್ನೂ ನಾನು ಆ ಒಂದೇ ಶಬ್ದದಲ್ಲಿ ಹೇಳಲು ಕಲಿತಿದ್ದೆ. ಮಗಳು ಧ್ವನಿಯಿಂದಲೇ ತಿಳಿದುಕೊಳ್ಳುತ್ತಿದ್ದಳು, ಇಂದು ಅಪ್ಪನಿಗೆ ಎರಡನೆಯ ರೊಟ್ಟಿ ಬಿಸಿಯದು ಸಿಗುತ್ತದೋ ಇಲ್ಲವೋ ಎಂದು.

ಮದುವೆ, ತೊಟ್ಟಿಲು, ಕುಬಸ ಎಲ್ಲಿ ಹೋದರೂ ನನ್ನ ಒಡಪು ಒಂದೇ:

ಗೋಕಾವಿ ದಬದಬಿ ನೋಡ್ರಿ, ನೀರ ಧುಮುಕತಾವ ಧಾರ ಧಾರ,
ನನ್ನ ಹಣಿಮ್ಯಾಲ ಕುಂಕುಮ ಇಟ್ಟಾಂವ ಗಡಿ ಕಾಯೂ ಹವಾಲ್ದಾರ.

"ಅದು ಹೆಸರಲ್ಲಬೇ, ನೌಕರಿ. ಹೆಸರ ಹೇಳ" ಎಂದು ಹೆಂಗಸರು ಜುಲುಮೆ ಮಾಡುತ್ತಿದ್ದರು. "ಸುಬೇದಾರ ಆಗ್ಲಿ, ಆವಾಗ ಹೇಳ್ತೇನಿ" ಎಂದು ನಾನು ತಟ್ಟೆ ಮುಂದಕ್ಕೆ ದಾಟಿಸುತ್ತಿದ್ದೆ. ನಮ್ಮ ಕಡೆ ಹವಾಲ್ದಾರ ಎಂದರೆ ಮೊದಲು ನೆನಪಾಗುವುದು ಪೊಲೀಸು. ಒಮ್ಮೆ ಒಬ್ಬ ಪರಿಚಯದವ ಸಂತೆಯಿಂದ ಸೀದಾ ನಮ್ಮ ಮನೆಗೆ ಬಂದು, ತನ್ನ ಗಾಡಿ ಪೊಲೀಸರು ಹಿಡಿದಿದ್ದಾರೆ, ಬಿಡಿಸಿಕೊಡಿ ಎಂದು ಅಂಗಳದಲ್ಲಿ ಕೂತುಬಿಟ್ಟ. ರಜೆಯ ಮೇಲಿದ್ದ ಇವರು, "ನಂದು ಆ ಖಾತೆ ಅಲ್ಲೋ ಮಾರಾಯಾ, ನಾ ಗಾಡಿ ಹಿಡ್ಯಾಂವ ಅಲ್ಲ, ಗಡಿ ಹಿಡ್ಯಾಂವ" ಎಂದು ಚಹಾ ಕುಡಿಸಿ ಕಳಿಸಿದರು. ಅವನಿಗೆ ಕೊನೆಗೂ ನಂಬಿಕೆ ಬರಲಿಲ್ಲ.

ನಗೆಪಾಟಲಾದದ್ದೂ ಉಂಟು. ಅತ್ತೆಗೆ ಜ್ವರ ಏರಿದಾಗ ಊರ ಫೋನ್ ಬೂತಿನಿಂದ ಅವರ ಪಲಟನ್ನಿಗೆ ಫೋನ್ ಮಾಡಿದೆ. "ಹವಾಲ್ದಾರ್ರಿಗೆ ಕೊಡ್ರಿ" ಎಂದೆ. ಆ ಕಡೆಯವನು ಹಿಂದಿಯಲ್ಲಿ ಯಾವ ಹವಾಲ್ದಾರ, ಹೆಸರು ಹೇಳಿ ಎಂದ. ಜಗತ್ತಿನಲ್ಲಿ ಇರುವುದು ಒಬ್ಬನೇ ಹವಾಲ್ದಾರ ಎಂದು ನಾನು ತಿಳಿದಿದ್ದೆ. ಅಲ್ಲಿ ಕಲ್ಲು ಎಸೆದರೆ ಹವಾಲ್ದಾರನಿಗೆ ಬೀಳುತ್ತದಂತೆ. ಹೆಸರು ಬಾಯಿಗೆ ಬರಲಿಲ್ಲ. ಕೊನೆಗೆ ಮಗಳನ್ನು ಸ್ಟೂಲಿನ ಮೇಲೆ ಹತ್ತಿಸಿ ರಿಸೀವರ್ ಕಿವಿಗೆ ಹಿಡಿದೆ. ಅವಳು ಸಾಲೆಯಲ್ಲಿ ಹಾಜರಿ ಹೇಳುವಂತೆ ಅಪ್ಪನ ಪೂರ್ತಿ ಹೆಸರು ಹೇಳಿದಳು.

ಆ ಹೆಸರನ್ನು ದಿನಾ ಕರೆಯುವ ಹಕ್ಕಿದ್ದವಳು ಅತ್ತೆ ಒಬ್ಬಳೇ. ಅವಳೂ ಪೂರ್ತಿ ಕರೆಯುತ್ತಿರಲಿಲ್ಲ. ಅರ್ಧಕ್ಕೆ ಮುರಿದು, ತುದಿಗೆ 'ಯಾ' ಹಚ್ಚಿ, ಆ 'ಯಾ'ವನ್ನು ಓಣಿಯ ಕೊನೆಯವರೆಗೆ ಎಳೆಯುತ್ತಿದ್ದಳು. ಮಗ ರಜೆಗೆ ಬರುವ ದಿನ ಬೆಳಿಗ್ಗೆಯಿಂದ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಟ್ರಂಕು ಹೊತ್ತು ಅವರು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಆ ಕೂಗು. ಹತ್ತಿರ ಬಂದ ಮೇಲೆ ಯಾವಾಗಲೂ ಅದೇ ಮಾತು: "ಬಂದ್ಯಾ ನನ್ನಪ್ಪಾ? ಬಾ, ಬೂಟ ಬಿಚ್ಚು. ಕಾಲ ತೊಳಕೋ, ಉಣ್ಣಬಾ." ಬೂಟು ಬಿಚ್ಚುವವರೆಗೆ ಅವರು ಮಿಲಿಟರಿಯವರಾಗಿರುತ್ತಿದ್ದರು, ಬಿಚ್ಚಿದ ಮೇಲೆ ಅವಳ ಮಗ. ನನ್ನ ಗಂಡನಾಗಲು ಇನ್ನೂ ಹೊತ್ತು ಬೇಕಾಗುತ್ತಿತ್ತು, ನನಗೆ ರೊಟ್ಟಿ ಬಡಿಯುವುದಿರುತ್ತಿತ್ತಲ್ಲ.

ಸುಬೇದಾರಕಿ ಬರಲಿಲ್ಲ. ಹವಾಲ್ದಾರರಾಗಿಯೇ ಪಿನ್ಷನ್ ಆಯಿತು. ಅದೇ ಟ್ರಂಕು ಹೊತ್ತು ಬಂದರು. ಗೋಕಾಕದಲ್ಲಿ ಸಣ್ಣ ಮನೆ ಮಾಡಿದೆವು. ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಕೆಲಸ ಸಿಕ್ಕಿತು. ಅಲ್ಲಿಯೂ ಮ್ಯಾನೇಜರನಿಂದ ಹಿಡಿದು ಚಹಾ ತರುವವನ ತನಕ ಎಲ್ಲರಿಗೂ ಅವರು ಹವಾಲ್ದಾರ್ ಸಾಹೇಬರು. ಓಣಿಯಲ್ಲಿ ನಾನು ಹವಾಲ್ದಾರ್ರ ಮನಿಯಾಕಿ. ನನಗೆ ಅದರಲ್ಲಿ ಬಹಳ ಗತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ತೀರಿಕೊಂಡ ಮೇಲೆ ಒಂದು ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವರು ಸುಲಿಯುವುದನ್ನು ನಿಲ್ಲಿಸಿ ಹೇಳಿದರು: "ಅವ್ವ ಹೋದ್ಲು. ಇನ್ನ ನನ್ನ ಹೆಸರ ಹಿಡದ ಕರಿಯಾವ್ರು ಯಾರೂ ಉಳೀಲಿಲ್ಲ ನೋಡು."

ನಾನು ಲೆಕ್ಕ ಹಾಕಿ ನೋಡಿದೆ. ಖರೆ ಇತ್ತು. ತಂಗಿಗೆ ಅಣ್ಣ, ಮಗಳಿಗೆ ಅಪ್ಪ, ಊರಿಗೆ ಹವಾಲ್ದಾರ.

"ಒಮ್ಮೆ ನೀ ಕರಿ, ಕೇಳೂಣು" ಎಂದರು.

"ಆಯುಷ್ಯ ಕಡಿಮಿ ಆಗ್ತೈತ್ರಿ."

"ಆಗ್ಲಿ ಬಿಡ. ಸರಕಾರದ ಪಿನ್ಷನ್ ಎಷ್ಟ ವರ್ಷ ತಿನ್ನೂದು?"

"ನಿಮಗ ಸಾಕಾಗಿರಬೇಕು, ನನಗಿನ್ನಾ ತಿನ್ನೂದೈತಿ. ಸುಮ್ನ ಶೇಂಗಾ ಸುಲೀರಿ."

ಅವರು ನಕ್ಕರು, ಒಂದು ಕಾಳು ನನ್ನ ಕಡೆ ಎಸೆದರು. ಆದರೆ ಆ ಮಾತನ್ನು ಅವರು ಬಿಡಲಿಲ್ಲ. ಹಬ್ಬಕ್ಕೊಮ್ಮೆ, ಯಾರದೋ ಮದುವೆಯಿಂದ ಬಂದಾಗೊಮ್ಮೆ, "ಇವತ್ತರ ಕರೀತಿಯೇನು?" ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಒಳಗೊಳಗೇ ತಯಾರಿ ನಡೆಸಿದ್ದೆ. ಕುಕ್ಕರ್ ಸೀಟಿ ಹೊಡೆಯುವಾಗ ಆ ಸದ್ದಿನ ಅಡಿಯಲ್ಲಿ ಹೆಸರನ್ನು ಬಾಯೊಳಗೇ ಅಂದು ನೋಡುತ್ತಿದ್ದೆ. ಹೊಸ ಚಪ್ಪಲಿ ಮೆಟ್ಟಿ ನಡೆದಂತೆ ಕಚ್ಚುತ್ತಿತ್ತು. ಇವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಮಗಳು ಬರುತ್ತಾಳೆ, ಅವಳ ಮುಂದೆಯೇ ಕರೆದು ಇವರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡಿದ್ದೆ.

ಅರವತ್ತು ಬರಲಿಲ್ಲ. ಒಂದು ಮುಂಜಾನೆ ಬಚ್ಚಲಲ್ಲಿ ಬಿದ್ದರು. ಘಟಪ್ರಭಾದ ದವಾಖಾನೆಗೆ ಒಯ್ದೆವು. ತಲೆಯೊಳಗೆ ರಕ್ತಸ್ರಾವವಾಗಿದೆ, ಆಪರೇಷನ್ ತಾಳುವ ಸ್ಥಿತಿಯಿಲ್ಲ, ತಾನಾಗಿ ಎಚ್ಚರ ಬಂದರೆ ಆಶೆ ಇದೆ, ಬರದಿದ್ದರೆ ಇಲ್ಲ ಎಂದು ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದರು. ಮಗಳು ಬೆಳಗಾವಿಯಿಂದ ಬಂದಳು. ನಾವಿಬ್ಬರೂ ಕಾಟಿನ ಎರಡೂ ಬದಿಗೆ ಕೂತೆವು. ಎದೆಯ ಮೇಲೆ ಲಿಂಗ, ಹಣೆಯ ಮೇಲೆ ನಾನು ಹಚ್ಚಿದ ವಿಭೂತಿ. ಮೀಸೆ ಒಂದು ಕಡೆ ಬೆಳೆದು ಡೊಂಕಾಗಿತ್ತು. ಎಚ್ಚರವಿದ್ದಿದ್ದರೆ ಒಂದು ಗಳಿಗೆಯೂ ಸಹಿಸುತ್ತಿರಲಿಲ್ಲ.

ಮಧ್ಯಾಹ್ನ ನರ್ಸಬಾಯಿ ಸಲಾಯಿನ್ ಬದಲಿಸಲು ಬಂದಳು. ನನ್ನ ಮಗಳಿಗಿಂತ ಚಿಕ್ಕವಳು. "ಕಾಕೂ, ಹಿಂಗ ಬಾಯಿ ಮುಚ್ಚಕೊಂಡ ಕುಂದರಬ್ಯಾಡ್ರಿ. ಮಾತಾಡಸ್ರಿ. ಮನ್ಯಾಗ ದಿನಾ ಹೆಂಗ ಕರೀತಿದ್ರಿ, ಹಂಗ ಕರೀರಿ. ಕಿವಿ ಕೇಳತಾವು" ಎಂದಳು.

ನಾನು ಅವರ ಕಿವಿಯ ಹತ್ತಿರ ಬಾಗಿದೆ. "ಹವಾಲ್ದಾರ್ರ, ನಾ ಇಲ್ಲೇ ಅದೇನ್ರಿ. ಕಣ್ಣ ತೆರೀರಿ" ಎಂದೆ.

ಚಾದರದ ಹೊರಗಿದ್ದ ಅವರ ಬಲಗೈ ಮೆಲ್ಲಗೆ ನೆಟ್ಟಗಾಯಿತು. ಮುಷ್ಟಿ ಬಿಗಿದು, ಹೆಬ್ಬೆರಳು ಮುಂದಾಗಿ, ತೊಡೆಯ ಬದಿಗೆ ಅಂಟಿತು. ಎರಡೂ ಹಿಮ್ಮಡಿ ಒಂದನ್ನೊಂದು ಹುಡುಕುತ್ತ ಬಂದು ಕೂಡಿದವು. ತುಟಿ ಅಲುಗಿತು. "ಜೀ ಸಾಬ್" ಎಂದರು.

ಮಗಳು ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ. ನನಗೂ ಜೀವ ಬಂದಂತಾಯಿತು. ಇನ್ನೂ ಹತ್ತಿರ ಬಾಗಿ, ಮನೆಯಲ್ಲಿ ಮುನಿಸಿಕೊಂಡಾಗ ಸಮಾಧಾನ ಮಾಡಲು ಕರೆಯುತ್ತಿದ್ದ ಧ್ವನಿಯಲ್ಲಿ, "ಹವಾಲ್ದಾರ್ರ..." ಎಂದೆ.

"ಜೀ ಸಾಬ್." ಕೈ ಇನ್ನೂ ಬಿಗಿಯಾಯಿತು. ಹಣೆಯ ಮೇಲೆ ಬೆವರು ಮೂಡಿತು.

"ನಾನ್ರಿ. ನಾನು. ಸಾಹೇಬ ಅಲ್ಲ, ನಾನು."

"ಜೀ ಸಾಬ್."

ಆಗ ನನಗೆ ತಿಳಿಯಿತು. ಅವರು ನನಗೆ ಓಗೊಡುತ್ತಿರಲಿಲ್ಲ. ಯಾವುದೋ ಮೈದಾನದಲ್ಲಿ, ಯಾರೋ ಅಧಿಕಾರಿಯ ಮುಂದೆ ನೆಟ್ಟಗೆ ನಿಂತಿದ್ದರು. ನನ್ನ ಇಡೀ ಸಂಸಾರವನ್ನು ನಾನು ಆ ಒಂದು ಶಬ್ದದೊಳಗೆ ತುಂಬಿಟ್ಟಿದ್ದೆ. ಅದು ನನ್ನದಾಗಿರಲಿಲ್ಲ, ಮಿಲಿಟರಿಯಿಂದ ಕಡ ತಂದದ್ದು. ಕೊನೆಯ ಹೊತ್ತಿಗೆ ಮಿಲಿಟರಿ ಅದನ್ನು ಮರಳಿ ಒಯ್ದಿತು. ನನಗೆ ಎಷ್ಟು ಸಂಕಟವಾಯಿತೆಂದರೆ ಕಾಟಿನ ಕಂಬಿ ಹಿಡಿದು ಕೂತೆ. ಸಾಯುವ ಮನುಷ್ಯ ಹೀಗೆ ಅಟೆನ್ಷನ್‌ನಲ್ಲಿ ಮಲಗುವುದನ್ನು ಯಾವ ಹೆಂಡತಿಯೂ ನೋಡಬಾರದು.

ಮಗಳು ಹೇಳಿದಳು: "ಮಮ್ಮಿ, ಹೆಸರ ಹಿಡದ ಕರಿ."

ಅವಳಿಗೆ ಗೊತ್ತಿತ್ತು, ಅಪ್ಪನ ಆಶೆ. ನನಗೆ ಅವ್ವನ ಮಾತು ನೆನಪಾಯಿತು. ಆಯುಷ್ಯವೆಂಬುದು ಆ ಸಲಾಯಿನ್ ಬಾಟಲಿಯಷ್ಟೇ ಉಳಿದಿರುವಾಗ ಅದರಲ್ಲೂ ಕಡಿಮೆ ಮಾಡುವ ಧೈರ್ಯ ಯಾರಿಗಿರುತ್ತದೆ? ಹೊರಗೆ ಸ್ಟೇಷನ್ನಿನ ಕಡೆ ರೈಲು ಕೂಗಿತು. ಅವರು ರಜೆ ಮುಗಿಸಿ ಹೋಗುತ್ತಿದ್ದ ರೈಲು ಅಲ್ಲಿಂದಲೇ ಹೊರಡುತ್ತಿತ್ತು. ಆ ಕೂಗು ಮುಗಿಯುವ ಮೊದಲು, ಕುಕ್ಕರ್ ಸೀಟಿಯ ಅಡಿಯಲ್ಲಿ ಕಲಿತಂತೆ, ನಾನು ಬಾಯಿ ಬಿಟ್ಟೆ.

ಪೂರ್ತಿ ಹೆಸರನ್ನೇ ಹೇಳಬೇಕೆಂದಿದ್ದೆ. ಆದರೆ ಆ ಹೆಸರನ್ನು ಕರೆಯುವ ರಾಗ ನನಗೆ ಗೊತ್ತಿದ್ದದ್ದು ಒಂದೇ. ಇಷ್ಟು ವರ್ಷ ಹೊಸ್ತಿಲ ಒಳಗೆ ನಿಂತು ಕೇಳಿದ್ದು ಅದೊಂದನ್ನೇ. ನನ್ನ ಬಾಯಿಂದ ಹೆಸರು ಅರ್ಧಕ್ಕೆ ಮುರಿದು ಬಂತು, ತುದಿಯ 'ಯಾ' ತಾನಾಗಿ ಎಳೆದುಕೊಂಡಿತು.

ಅವರು ಕಣ್ಣು ತೆರೆದರು. ನನ್ನ ಕಡೆಗೇ ನೋಡಿದರು. ಹುಬ್ಬು ಗಂಟಿಕ್ಕಿದ್ದು ಬಿಚ್ಚಿತು.

"ಅವ್ವಾ?" ಎಂದರು.

ನಾನು ಯಾರೆಂದು ಹೇಳಲು ನನ್ನ ಹತ್ತಿರ ಇನ್ನೊಂದು ಶಬ್ದವಿರಲಿಲ್ಲ. ಹುದ್ದೆ ಹಿಡಿದು ಕರೆದರೆ ಸಾಹೇಬನಾದೆ, ಹೆಸರು ಹಿಡಿದು ಕರೆದರೆ ಅವರ ತಾಯಿಯಾದೆ. ಇಷ್ಟು ವರ್ಷ ಬಾಳುವೆ ಮಾಡಿದ ಹೆಂಡತಿಗೆ ಅವರ ಆ ಮಂಪರಿನೊಳಗೆ ಕಾಲಿಡಲು ಬಾಗಿಲೇ ಇರಲಿಲ್ಲ. ನಾನ್ರಿ, ನಿಮ್ಮ ಹೆಂಡತಿ ಎಂದು ಚೀರಬೇಕೆನಿಸಿತು. ಆದರೆ ಆ ಕಣ್ಣುಗಳು ನನ್ನ ಜಾಗದಲ್ಲಿ ಅಂಕಲಗಿಯ ಹೊಸ್ತಿಲನ್ನು ನೋಡುತ್ತಿದ್ದವು. ಟ್ರಂಕು ಹೊತ್ತು ದೂರದಿಂದ ನಡೆದು ಬಂದ ದಣಿವು ಅವುಗಳಲ್ಲಿತ್ತು. ಬಾಗಿಲಿಗೆ ಬಂದವನನ್ನು ನಿಲ್ಲಿಸಿ, ನಾನು ಅವಳಲ್ಲ ಎಂದು ಹೇಗೆ ಹೇಳುವುದು?

"ಬಂದ್ಯಾ ನನ್ನಪ್ಪಾ?" ಎಂದೆ. "ಬಾ, ಬೂಟ ಬಿಚ್ಚು."

ಕೂಡಿಕೊಂಡಿದ್ದ ಹಿಮ್ಮಡಿಗಳು ಸಡಿಲವಾದವು. ಪಾದಗಳು ಎರಡೂ ಬದಿಗೆ ವಾಲಿದವು. ಮುಷ್ಟಿ ಬಿಚ್ಚಿತು, ಬಿಚ್ಚಿದ ಅಂಗೈಯಲ್ಲಿ ನಾನು ನನ್ನ ಕೈ ಇಟ್ಟೆ. "ಕಾಲ ತೊಳಕೋ, ಉಣ್ಣಬಾ" ಎಂದು ಉಳಿದ ಮಾತನ್ನೂ ಹೇಳಿ ಮುಗಿಸಿದೆ. ಅವರು ಮತ್ತೆ ಕಣ್ಣು ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಹೋದರು.

ಅಂಕಲಗಿಯಲ್ಲಿ ಮಣ್ಣು ಕೊಡುವಾಗ ನಿವೃತ್ತ ಸೈನಿಕರು ಬಂದಿದ್ದರು. ಧ್ವಜ ಹೊದಿಸಿದರು. ಒಬ್ಬರು ಹುದ್ದೆ ಸಮೇತ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗಿ ಸೆಲ್ಯೂಟ್ ಹೊಡೆದರು. ಟ್ರಂಕಿನ ಮೇಲೆ ಬರೆದಂತೆಯೇ ಇತ್ತು. ನನಗೆ ಅವರ ಪಾದಗಳದೇ ಚಿಂತೆ, ಈ ಕೂಗಿಗೆ ಮತ್ತೆ ಎಲ್ಲಿ ಕೂಡಿಕೊಳ್ಳುತ್ತವೋ ಎಂದು. ಮಣ್ಣು ಹಾಕುವ ತನಕ ಅವನ್ನೇ ನೋಡುತ್ತ ನಿಂತಿದ್ದೆ.

ಮೂಡಲಗಿಯ ಕುಬಸ ಮುಗಿಸಿ ಅಂದು ಸಂಜೆಯೇ ಗೋಕಾಕಕ್ಕೆ ಬಂದೆ. ನಾದಿನಿ ಉಡಿ ತುಂಬುವ ಬದಲು ಚೀಲದಲ್ಲಿ ಹೋಳಿಗೆ ಕಟ್ಟಿ ಕೊಟ್ಟಿದ್ದಳು. ಬೀಗ ತೆರೆದು, ಚೀಲವನ್ನು ಟ್ರಂಕಿನ ಮೇಲಿಟ್ಟೆ. ಬಿಳಿ ಅಕ್ಷರದ ಮೇಲೆ ಧೂಳು ಕೂತಿತ್ತು. ಒರೆಸಿದೆ, ಮೊದಲ ಶಬ್ದವನ್ನು ಬಿಟ್ಟು ಎರಡನೆಯದನ್ನು ಗಟ್ಟಿಯಾಗಿ ಓದಿದೆ. ಈಗ ದಿನಾ ಓದುತ್ತೇನೆ. ಇನ್ನು ಹೆದರುವುದೇನಿದೆ, ಕಡಿಮೆಯಾಗಲು ಆಯುಷ್ಯವೇ ಉಳಿದಿಲ್ಲ.

ಆದರೆ ಎಷ್ಟು ಸಲ ಕರೆದರೂ ಬಾಯಿಗೆ ಬರುವುದು ಅತ್ತೆಯ ರಾಗವೇ. ಅವರು ಕೇಳಬೇಕೆಂದದ್ದು ನನ್ನದನ್ನು. ಅದು ಹೇಗಿರುತ್ತಿತ್ತೋ ನನಗೂ ಗೊತ್ತಿಲ್ಲ.